ಪಾಡ್‌ಕಾಸ್ಟ್ ಪಠ್ಯ: ಕೋಳಿ ಇಲ್ಲ, ಕುರಿ ಇಲ್ಲ, ಮತ್ತೆ ‘ಬಲಿಪೂಜೆ’ ಎಂತದ್ದು?

ಈ ವಾರದ ಪ್ರಶ್ನೆ ಬಂದದ್ದು ಹೆಜಮಾಡಿಯಿಂದ. ಕೇಳಿದವರು ಹೆಸರು ಬೇಡ ಅಂದಿದ್ದಾರೆ, ಹಾಗಾಗಿ ಹೇಳುವುದಿಲ್ಲ. ಅವರ ಧ್ವನಿ ಸಂದೇಶದ ಸಾರ ಇಷ್ಟು: “ನಮ್ಮ ಪಕ್ಕದಲ್ಲಿ ಎರಡು ಕ್ರಿಶ್ಚಿಯನ್ ಮನೆ ಉಂಟು. ನಮ್ಮಲ್ಲಿ ದೈವಕ್ಕೆ ಅಗೆಲು ಬಡಿಸಿದ ದಿನ ಊಟ ಕಳಿಸಿದರೆ ಒಂದು ಮನೆಯವರು ತಿನ್ನುತ್ತಾರೆ, ಇನ್ನೊಂದು ಮನೆಯವರು ಬೇಡ ಅನ್ನುತ್ತಾರೆ. ಆದರೆ ಇಗರ್ಜಿಯ ಆಮಂತ್ರಣದಲ್ಲಿ ನೋಡಿದರೆ ‘ಬಲಿಪೂಜೆ’ ಅಂತ ಪ್ರಿಂಟ್ ಆಗಿರ್ತದೆ. ಬೈಬಲಿನಲ್ಲಿ ಕುರಿ, ಹೋರಿ ಕಡಿದ ಕಥೆ ಬೇಕಾದಷ್ಟು ಉಂಟಂತೆ. ಹಾಗಾದರೆ ನಿಮ್ಮ ಬಲಿ ನಿಂತದ್ದು ಯಾವಾಗ? ನಿಲ್ಲಿಸಿದ್ದು ಯಾರು?”

ಒಳ್ಳೆಯ ಪ್ರಶ್ನೆ. ನಾನು ಹುಟ್ಟಿದ್ದು ಬಾಸೆಲ್ ಮಿಷನ್ ಕಾಲದಿಂದ ಬಂದ ಪ್ರೊಟೆಸ್ಟೆಂಟ್ ಮನೆಯಲ್ಲಿ, ಮದುವೆಯಾದದ್ದು ಕೆಥೋಲಿಕ್ ಮನೆಗೆ. ಹಾಗಾಗಿ ಈ ಪ್ರಶ್ನೆಗೆ ನಮ್ಮ ಊಟದ ಮೇಜಿನಲ್ಲೇ ಎರಡು ಉತ್ತರ ಉಂಟು. ಎರಡನ್ನೂ ಹೇಳ್ತೇನೆ.

ಮೊದಲು ಶಬ್ದ. ಕರಾವಳಿಯವರಿಗೆ ‘ಬಲಿ’ ಅಂದರೆ ಬರೀ ಕೊಲ್ಲುವುದಲ್ಲ ಅಂತ ಬಿಡಿಸಿ ಹೇಳಬೇಕಾಗಿಲ್ಲ. ದೇವಸ್ಥಾನದ ಜಾತ್ರೆಯಲ್ಲಿ ‘ದೇವರು ಬಲಿ ಹೊರಟರು’ ಅನ್ನುತ್ತೇವೆ. ಅಲ್ಲಿ ಅರ್ಚಕರು ಉತ್ಸವ ಮೂರ್ತಿಯನ್ನು ತಲೆಯ ಮೇಲೆ ಹೊತ್ತು ಸುತ್ತು ಬರುತ್ತಾರೆ, ಬಲಿಕಲ್ಲಿಗೆ ಅನ್ನ ಹಾಕುತ್ತಾರೆ, ಚೆಂಡೆ ಬಡಿಯುತ್ತದೆ. ರಕ್ತ ಇಲ್ಲ. ಅದೇ ಊರಿನಿಂದ ಉತ್ತರಕ್ಕೆ ಬಸ್ ಹತ್ತಿ ಕಾಪುವಿಗೆ ಸುಗ್ಗಿ ಮಾರಿಪೂಜೆಗೆ ಹೋದರೆ ಕೋಳಿ ಹಿಡ್ಕೊಂಡು ನಿಂತವರ ಸಾಲು ಕಾಣ್ತದೆ. ಅದೂ ಬಲಿಯೇ. ಒಂದೇ ಶಬ್ದ ಎರಡು ಕಡೆ ನಡೀತದೆ, ಯಾರಿಗೂ ಗೊಂದಲ ಆಗುವುದಿಲ್ಲ.

ಹೀಬ್ರೂ ಭಾಷೆಯಲ್ಲಿಯೂ ಹೆಚ್ಚು ಕಡಿಮೆ ಹೀಗೇ. ಯೆಹೂದ್ಯರು ದೇವರಿಗೆ ಅರ್ಪಿಸುವ ವಸ್ತುವಿಗೆ ‘ಕೊರ್ಬಾನ್’ ಅಂತ ಹೆಸರು. ಅದರ ಮೂಲ ಧಾತುವಿನ ಅರ್ಥ ‘ಹತ್ತಿರ ಬರುವುದು’. ಕೊಲ್ಲುವುದು ಅಂತ ಅಲ್ಲ. ಹತ್ತಿರ ತಂದದ್ದು, ಹತ್ತಿರ ಹೋಗಲಿಕ್ಕೆ ತಂದದ್ದು. ನಮ್ಮ ಮುಸ್ಲಿಂ ನೆರೆಯವರು ಬಕ್ರೀದ್ ದಿನ ಹೇಳುವ ‘ಕುರ್ಬಾನಿ’ ಅದೇ ಧಾತುವಿನದ್ದು. ಕೇರಳದಿಂದ ಬಂದು ನಮ್ಮ ಘಟ್ಟದ ಬುಡದಲ್ಲಿ ನೆಲೆಸಿದ ಸಿರಿಯನ್ ಕ್ರೈಸ್ತರು ತಮ್ಮ ಪೂಜೆಗೆ ‘ಕುರ್ಬಾನ’ ಅನ್ನುತ್ತಾರಲ್ಲ, ಅದೂ ಅದೇ. ಮೂರು ಸಮುದಾಯ, ಒಂದೇ ಬೇರು. ಇಗರ್ಜಿಯ ಆಮಂತ್ರಣದ ‘ಬಲಿಪೂಜೆ’ ನೋಡಿ ಗಾಬರಿಯಾಗುವವರು ಇದನ್ನು ಒಮ್ಮೆ ನೆನಪಿಸಿಕೊಳ್ಳಬೇಕು.

ಈಗ ಆ ಹಳೆಯ ಕಾನೂನು. ಬೈಬಲಿನ ಮೂರನೇ ಪುಸ್ತಕಕ್ಕೆ ಕನ್ನಡದಲ್ಲಿ ಯಾಜಕಕಾಂಡ ಅಂತ ಹೆಸರು. ಅದರ ಮೊದಲ ಏಳು ಅಧ್ಯಾಯ ಪೂರ್ತಿ ಬಲಿಯ ನಿಯಮ. ಐದು ಬಗೆ: ಪೂರ್ತಿ ಸುಟ್ಟುಬಿಡುವ ಸರ್ವಾಂಗಹೋಮ, ಹಿಟ್ಟು ಎಣ್ಣೆ ಧೂಪದ ಧಾನ್ಯನೈವೇದ್ಯ, ಕೊಟ್ಟವರೂ ಕೂತು ಉಣ್ಣುವ ಸಮಾಧಾನಯಜ್ಞ, ಮತ್ತೆ ದೋಷಪರಿಹಾರಕ ಯಜ್ಞ, ಪ್ರಾಯಶ್ಚಿತ್ತ ಯಜ್ಞ. ಹೆಸರು ಕೇಳಿದಿರಲ್ಲ? ಹೋಮ, ನೈವೇದ್ಯ, ಯಜ್ಞ, ಪ್ರಾಯಶ್ಚಿತ್ತ. ಎಲ್ಲ ಈ ನೆಲದ ಶಬ್ದವೇ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರು ಮಾಡಿದ ಅನುವಾದದಿಂದ 1831ರ ಹೊತ್ತಿಗೆ ಇಡೀ ಬೈಬಲು ಕನ್ನಡದಲ್ಲಿ ಸಿಕ್ಕಿತು, ಮುಂದೆ ಬಾಸೆಲ್ ಮಿಷನ್ನಿನವರು ತಿದ್ದಿದರು. ಮೋಶೆಯ ಕಾನೂನನ್ನು ಕನ್ನಡದಲ್ಲಿ ಹೇಳುವುದು ಅಂದರೆ ವೈದಿಕರ ಶಬ್ದ ಎರವಲು ಪಡೆಯದೆ ಬೇರೆ ದಾರಿ ಇರಲಿಲ್ಲ.

ಅದು ಬರೀ ಅನುವಾದದ ತೊಂದರೆ ಆಗಿರಲಿಲ್ಲ ಅಂತ ನನಗೆ ಕಾಣ್ತದೆ. ನಮ್ಮ ನಿಘಂಟಿನ ಕಿಟ್ಟೆಲರು, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟವರು, ಅದಕ್ಕಿಂತ 22 ವರ್ಷ ಮೊದಲೇ, 1872ರಲ್ಲಿ, ಮಂಗಳೂರಿನಿಂದ ಯಜ್ಞದ ವಿಷಯಕ್ಕೇ ಅಂತ ಒಂದು ಪುಸ್ತಕ ತಂದಿದ್ದರು. ಹೆಸರು ‘ಯಜ್ಞಸುಧಾನಿಧಿ’. ಜರ್ಮನಿಯಿಂದ ಬಂದ ಪಾದ್ರಿ ಮಂಗಳೂರಿನಲ್ಲಿ ಕೂತು ಯಜ್ಞದ ವಿಷಯ ಬರೆಯುತ್ತಾರೆ ಅಂದರೆ, ಈ ನೆಲದ ಮನುಷ್ಯನಿಗೆ ಶಿಲುಬೆಯ ಅರ್ಥ ಹೇಳಲಿಕ್ಕೆ ಹೊರಟರೆ ಯಜ್ಞವನ್ನು ದಾಟದೆ ಹೋಗ್ಲಿಕ್ಕೆ ಆಗುವುದಿಲ್ಲ ಅಂತ ಅವರಿಗೆ ಗೊತ್ತಿತ್ತು.

ಯಾಜಕಕಾಂಡ ಓದುವವರು ಸಾಮಾನ್ಯವಾಗಿ ಗಮನಿಸದ ನಾಲ್ಕು ಸಂಗತಿ ಹೇಳ್ತೇನೆ. ಇವು ಗೊತ್ತಿಲ್ಲದಿದ್ದರೆ ಮುಂದಿನದು ಹಿಡಿಯುವುದು ಕಷ್ಟ.

ಒಂದು, ಬಡವರಿಗೆ ರಿಯಾಯಿತಿ ಉಂಟು. ಕುರಿ ತರಲಾಗದವರು ಎರಡು ಪಾರಿವಾಳ ಅಥವಾ ಬೆಳವ ತರಬಹುದು. ಅದೂ ಆಗದವರು ಒಂದು ಅಳತೆ ಹಿಟ್ಟು ತಂದರೆ ಸಾಕು, ಅದೇ ದೋಷಪರಿಹಾರ. ಐದನೇ ಅಧ್ಯಾಯದಲ್ಲಿ ಸ್ಪಷ್ಟವಾಗಿ ಉಂಟು. ‘ರಕ್ತ ಇಲ್ಲದೆ ಕ್ಷಮೆಯೇ ಇಲ್ಲ’ ಅಂತ ಮೈಕಿನಲ್ಲಿ ಕೂಗುವ ಬೋಧಕರು ಈ ಹಿಟ್ಟಿನ ವಿಷಯ ಎತ್ತುವುದು ನಾನು ಕೇಳಿದ್ದು ಕಡಿಮೆ. ಇನ್ನು ಯೇಸುವಿನ ತಾಯಿ ಮರಿಯಳು ಹೆರಿಗೆಯ ಶುದ್ಧಿಗೆ ಯೆರೂಸಲೇಮಿನ ದೇವಾಲಯಕ್ಕೆ ಹೋದಾಗ ಕೊಟ್ಟದ್ದು ಏನು? ಲೂಕನ ಸುವಾರ್ತೆ ಪ್ರಕಾರ ಆ ಹಕ್ಕಿಗಳ ಜೋಡಿಯೇ. ಅಂದರೆ ಬಡವರ ಬಲಿ. ಯೇಸು ಹುಟ್ಟಿದ ಮನೆ ಈ ಕಾನೂನನ್ನು ಪಾಲಿಸಿದ ಮನೆ.

ಎರಡು, ಗೊತ್ತಿದ್ದೂ ಸೊಕ್ಕಿನಿಂದ ಮಾಡಿದ ಪಾಪಕ್ಕೆ ಈ ಬಲಿ ನಡೆಯುವುದಿಲ್ಲ. ದೋಷಪರಿಹಾರಕ ಯಜ್ಞ ಮುಖ್ಯವಾಗಿ ತಿಳಿಯದೆ ಆದ ತಪ್ಪಿಗೆ. ಅರಣ್ಯಕಾಂಡದ 15ನೇ ಅಧ್ಯಾಯ ಅದನ್ನು ಬಿಡಿಸಿ ಹೇಳ್ತದೆ.

ಮೂರು, ಮೋಸ ಮಾಡಿ ಹಣ ಹೊಡೆದಿದ್ದರೆ ಮೊದಲು ಆ ಹಣ, ಅದರ ಮೇಲೆ ಐದನೇ ಒಂದು ಪಾಲು, ಅಂದರೆ ನೂರಕ್ಕೆ 20, ಸೇರಿಸಿ ಅವರಿಗೆ ವಾಪಸು ಕೊಡಬೇಕು. ಟಗರು ಜೊತೆಗೆ. ಟಗರು ಕೊಟ್ಟು ಹಣ ಕಿಸೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಅರ್ಪಣೆಯನ್ನು ವೇದಿಯ ಎದುರಲ್ಲೇ ಬಿಟ್ಟು ಮೊದಲು ಸಹೋದರನ ಹತ್ತಿರ ರಾಜಿಯಾಗು ಅಂತ ಯೇಸು ಹೇಳಿದ್ದು ಎಲ್ಲಿಂದಲೋ ಉದುರಿದ ಮಾತಲ್ಲ, ಇದರ ಮುಂದುವರಿಕೆ.

ನಾಲ್ಕು, ರಕ್ತ ಇಲ್ಲಿ ಶಿಕ್ಷೆಯಲ್ಲ. ರಕ್ತದಲ್ಲಿ ಜೀವ ಉಂಟು ಅನ್ನುವುದು ಯಾಜಕಕಾಂಡದ ತರ್ಕ. ಅದನ್ನು ವೇದಿಗೆ ಹಚ್ಚುವುದು, ಚಿಮುಕಿಸುವುದು ತೊಳೆಯುವ ಕೆಲಸ. ಜನರ ಪಾಪದಿಂದ ದೇವರ ಮನೆಗೆ ಕೊಳೆ ಅಂಟುತ್ತದೆ, ಅದನ್ನು ತೊಳೆಯಬೇಕು ಅಂತ. ಈ ಅರ್ಥವನ್ನು ವಿಸ್ತಾರವಾಗಿ ಮಂಡಿಸಿದವರು ಯೆಹೂದಿ ವಿದ್ವಾಂಸ ಜೇಕಬ್ ಮಿಲ್ಗ್ರೋಮ್. ವರ್ಷಕ್ಕೊಮ್ಮೆ ಬರುವ ದೋಷಪರಿಹಾರಕ ದಿನದಲ್ಲಿ ಎರಡು ಹೋತ ತರುತ್ತಾರೆ. ಒಂದನ್ನು ಕೊಯ್ದು ಮಹಾಯಾಜಕ ಅದರ ರಕ್ತವನ್ನು ಪರದೆಯ ಒಳಗೆ ತೆಗೆದುಕೊಂಡು ಹೋಗ್ತಾನೆ. ಇನ್ನೊಂದರ ತಲೆಯ ಮೇಲೆ ಕೈ ಇಟ್ಟು ಜನರ ಪಾಪವನ್ನೆಲ್ಲ ಹೇಳಿ ಅದನ್ನು ಕಾಡಿಗೆ ಅಟ್ಟುತ್ತಾರೆ. ಪಾಪ ಹೊತ್ತದ್ದು ಎರಡನೆಯದು, ವೇದಿಯಲ್ಲಿ ಸತ್ತದ್ದು ಮೊದಲನೆಯದು! ಆಟಿ ತಿಂಗಳಲ್ಲಿ ಕಳೆಂಜ ಬಂದು ಊರಿನ ಮಾರಿ ಕಳೆಯುವುದನ್ನು ಕಂಡವರಿಗೆ ಆ ಎರಡನೇ ಹೋತ ಅಷ್ಟೇನೂ ಅಪರಿಚಿತ ಅನ್ನಿಸಲಿಕ್ಕಿಲ್ಲ.

ಈಗ ಪ್ರಶ್ನೆಗೆ ಬರುವಾ. ನಿಲ್ಲಿಸಿದ್ದು ಯಾರು?

ಯೆಹೂದ್ಯರ ಲೆಕ್ಕದಲ್ಲಿ ಉತ್ತರ ನೇರ. ಕ್ರಿ.ಶ. 70ರಲ್ಲಿ ರೋಮನ್ ಸೈನ್ಯ, ಟೈಟಸ್‌ನ ನಾಯಕತ್ವದಲ್ಲಿ, ಯೆರೂಸಲೇಮಿನ ದೇವಾಲಯವನ್ನು ಸುಟ್ಟು ಕೆಡವಿತು. ದೇವರು ಆರಿಸಿದ ಒಂದೇ ಜಾಗದಲ್ಲಿ ಬಲಿ ಕೊಡಬೇಕು ಅಂತ ಧರ್ಮೋಪದೇಶಕಾಂಡ ಹೇಳ್ತದೆ. ಜಾಗ ಹೋಯಿತು, ಬಲಿ ನಿಂತಿತು. ಆ ಸಂಕಟದಲ್ಲಿ ದಾರಿ ತೋರಿದವರಲ್ಲಿ ರಬ್ಬಿ ಯೋಹಾನನ್ ಬೆನ್ ಜಕ್ಕಾಯ್ ಮುಖ್ಯರು. ಪಾಪ ಪರಿಹಾರಕ್ಕೆ ನಮ್ಮ ಹತ್ತಿರ ಇನ್ನೊಂದು ಸಾಧನ ಉಂಟು, ಅದು ದಯೆಯ ಕೆಲಸ ಅಂತ ಅವರು ಹೇಳಿದ್ದಾಗಿ ಯೆಹೂದಿ ಪರಂಪರೆ ನೆನಪಿಡುತ್ತದೆ. ಅದಕ್ಕೆ ಅವರು ಆಧಾರ ಕೊಟ್ಟದ್ದು ಪ್ರವಾದಿ ಹೋಶೇಯನ ಆರನೇ ಅಧ್ಯಾಯದ ಮಾತು. ಮತ್ತಾಯನ ಸುವಾರ್ತೆಯಲ್ಲಿ ಯೇಸು ಎರಡು ಸಲ ಎತ್ತುವುದೂ ಹೋಶೇಯನ ಅದೇ ಮಾತನ್ನೇ. ಹೀಗೆ ಎರಡೂ ಧರ್ಮ ಬಲಿಯಿಲ್ಲದೆ ಮುಂದೆ ಹೋಗಲಿಕ್ಕೆ ಒಂದೇ ಪ್ರವಾದಿಯ ಕೈ ಹಿಡಿದವು. (ಸಮಾರ್ಯದವರು ಅಂತ ಒಂದು ಚಿಕ್ಕ ಸಮುದಾಯ ಮಾತ್ರ ಗೆರಿಜೀಮ್ ಬೆಟ್ಟದಲ್ಲಿ ಇವತ್ತಿಗೂ ಪಸ್ಕ ಹಬ್ಬಕ್ಕೆ ಕುರಿ ಕೊಯ್ಯುತ್ತಾರೆ. ಅವರಿಗೆ ಯೆರೂಸಲೇಮ್ ಯಾವಾಗಲೂ ಲೆಕ್ಕಕ್ಕೇ ಇರಲಿಲ್ಲ.)

ನಮ್ಮ ಊರಿನ ಕಡೆಯೂ ಒಬ್ಬ ಯೆಹೂದಿ ಇದ್ದ, ಗೊತ್ತುಂಟಾ? ಅಬ್ರಹಾಂ ಬೆನ್ ಯಿಜು ಅಂತ, ಟ್ಯುನೀಶಿಯಾ ಕಡೆಯ ವ್ಯಾಪಾರಿ. 12ನೇ ಶತಮಾನದಲ್ಲಿ, ಸುಮಾರು 1132ರಿಂದ 1149ರವರೆಗೆ, ಮಂಗಳೂರಿನಲ್ಲಿದ್ದು ಕರಿಮೆಣಸು, ಲೋಹದ ಪಾತ್ರೆಗಳ ವ್ಯವಹಾರ ಮಾಡಿದವ. ಅವನ ಕಾಗದಪತ್ರ ಕೈರೋದ ಸಿನಗಾಗಿನಲ್ಲಿ ಸಿಕ್ಕಿದವು, ಅಮಿತಾವ್ ಘೋಷ್ ಅವರ ‘ಇನ್ ಆ್ಯನ್ ಆ್ಯಂಟೀಕ್ ಲ್ಯಾಂಡ್’ ಪುಸ್ತಕ ಅದರ ಮೇಲೆಯೇ. ಸುತ್ತ ದೈವಕ್ಕೆ ಕೋಳಿ ಕೊಡುವ ತುಳುನಾಡು. ನಡುವೆ ಈ ಮನುಷ್ಯ. ಅವನ ಧರ್ಮಗ್ರಂಥದಲ್ಲಿ ಬಲಿಯ ನಿಯಮ ರಾಶಿ ಉಂಟು, ಅವನಿಗೆ ಬಲಿ ಕೊಡಲಿಕ್ಕೆ ಜಾಗ ಇಲ್ಲ. ಪ್ರಾರ್ಥನೆ ಮಾತ್ರ. ಹಾಗೆ ನಿಂತು ಆಗಲೇ ಸಾವಿರ ವರ್ಷ ಕಳೆದಿತ್ತು.

ಕ್ರೈಸ್ತರ ಉತ್ತರ ಬೇರೆ. ದೇವಾಲಯ ಬಿದ್ದ ಕಾರಣಕ್ಕೆ ಬಲಿ ನಿಂತಿತು ಅಂತ ನಾವು ಹೇಳುವುದಿಲ್ಲ, ಮುಗಿಯಿತು ಅಂತ ಹೇಳುತ್ತೇವೆ. ನಿಲ್ಲುವುದು ಬೇರೆ, ಮುಗಿಯುವುದು ಬೇರೆ. ಆದರೆ ಮೊದಲ ದಿನದಿಂದಲೇ ಹಾಗೆ ಇರಲಿಲ್ಲ. ಯೇಸುವಿನ ಶಿಷ್ಯರು ಅವನ ಮರಣದ ನಂತರವೂ ದೇವಾಲಯಕ್ಕೆ ಹೋಗ್ತಿದ್ದರು. ಅಪೊಸ್ತಲರ ಕೃತ್ಯಗಳ 21ನೇ ಅಧ್ಯಾಯದಲ್ಲಿ ಪೌಲನೇ, ಹೌದು ಪೌಲನೇ, ಹರಕೆ ಹೊತ್ತ ನಾಲ್ವರ ಖರ್ಚು ವಹಿಸಿ ಅವರ ಅರ್ಪಣೆಗಾಗಿ ದೇವಾಲಯದ ಒಳಗೆ ಹೋಗ್ತಾನೆ. ಕ್ರಿಸ್ತ ಸತ್ತ ಮರುದಿನವೇ ಕುರಿಗಳಿಗೆ ಬಿಡುಗಡೆ ಸಿಕ್ಕಿತು ಅಂತ ತಿಳಿದವರು ಆ ಅಧ್ಯಾಯ ಓದಬೇಕು.

‘ಮುಗಿಯಿತು’ ಅನ್ನುವುದನ್ನು ವಾದ ಮಾಡಿ ಹೇಳಿದ್ದು ಇಬ್ರಿಯರಿಗೆ ಬರೆದ ಪತ್ರಿಕೆ. ಬರೆದವರು ಯಾರು ಅಂತ ಪತ್ರಿಕೆಯೇ ಹೇಳುವುದಿಲ್ಲ. ವಾದ ಮಾತ್ರ ವಕೀಲರದ್ದು. ವರ್ಷ ವರ್ಷ ಅದೇ ಬಲಿ ಕೊಡಬೇಕಾಗಿ ಬಂದರೆ ಕೆಲಸ ಪೂರ್ತಿ ಆಗಿಲ್ಲ ಅಂತ ಅರ್ಥ ಅಲ್ವಾ? ಯಾಜಕ ಸಾಯ್ತಾನೆ, ಇನ್ನೊಬ್ಬ ಬರ್ತಾನೆ, ಅವನೂ ತನ್ನ ಪಾಪಕ್ಕೆ ಮೊದಲು ಬಲಿ ಕೊಡಬೇಕು. ಕ್ರಿಸ್ತನಾದರೋ ಲೇವಿಯ ಕುಲದವನೇ ಅಲ್ಲ, ಯೆಹೂದ ಕುಲದವನು. ಅವನ ಯಾಜಕತ್ವ ಆರೋನನಿಂದ ಬಂದದ್ದಲ್ಲ, ಅಬ್ರಹಾಮನ ಕಾಲದ ಮೆಲ್ಕಿಜೆದೇಕನ ತರದ್ದು. ಅವನು ಕೊಟ್ಟದ್ದು ಇನ್ನೊಂದು ಪ್ರಾಣಿಯನ್ನಲ್ಲ, ತನ್ನನ್ನೇ. ಹಾಗಾಗಿ ಒಂದೇ ಸಲ. ಗ್ರೀಕಿನಲ್ಲಿ ‘ಎಫಾಪಾಕ್ಸ್’ ಅಂತ ಒಂದು ಶಬ್ದ ಉಂಟು, ಒಂದೇ ಸಲಕ್ಕೆ ಎಲ್ಲ ಕಾಲಕ್ಕೂ ಅಂತ ಅರ್ಥ. ಪತ್ರಿಕೆಯ ಜೀವ ಅದೇ ಶಬ್ದದಲ್ಲಿ.

ಇಲ್ಲಿ ಗಮನಿಸಿ, ಹಳೆಯ ಕಾನೂನು ಸುಳ್ಳು ಅಂತ ಆ ಪತ್ರಿಕೆ ಎಲ್ಲಿಯೂ ಹೇಳುವುದಿಲ್ಲ. ನೆರಳು ಅನ್ನುತ್ತದೆ. ಅಸಲಿ ವಸ್ತು ಇದ್ದರೆ ತಾನೆ ನೆರಳು ಬೀಳುವುದು? ಆದರೆ ಇದೇ ವಾದವನ್ನು ಹಿಡಿದು ಯುರೋಪಿನಲ್ಲಿ ಶತಮಾನಗಟ್ಟಲೆ ಯೆಹೂದ್ಯರನ್ನು ದೇವರು ಕೈಬಿಟ್ಟ ಜನ ಅಂತ ತುಳಿದರು. ಕೆಥೋಲಿಕ್ ಸಭೆ 1965ರಲ್ಲಿ ವ್ಯಾಟಿಕನ್ ಮಹಾಸಭೆಯ ‘ನೋಸ್ತ್ರಾ ಎತಾತೆ’ ದಾಖಲೆಯಲ್ಲಿ ಆ ಮಾತನ್ನು ತಳ್ಳಿಹಾಕಿತು. ತಡವಾಯಿತು, ಬಹಳ ತಡ.

ಮತ್ತೆ ‘ಒಂದೇ ಸಲ’ ಆದರೆ ಪ್ರತೀ ಭಾನುವಾರ ಬಲಿಪೂಜೆ ಯಾಕೆ? ನಮ್ಮ ಮನೆಯ ಜಗಳ ಇದೇ. ನಮ್ಮ ಕಡೆಯ ದೇವಾಲಯದಲ್ಲಿ ಇರುವುದು ಕರ್ತನ ಮೇಜು, ಅದರಲ್ಲಿ ನಡೆಯುವುದು ಕರ್ತನ ಭೋಜನ. ಹೆಂಡತಿಯ ಇಗರ್ಜಿಯಲ್ಲಿ ಇರುವುದು ಬಲಿಪೀಠ, ಸಿಗುವುದು ಪರಮಪ್ರಸಾದ. ಲೂಥರ್ ಸಿಟ್ಟಾದದ್ದೇ ಇಲ್ಲಿ: ಕ್ರಿಸ್ತನ ಬಲಿ ಮುಗಿದಿದೆ, ಅದಕ್ಕೆ ಪಾದ್ರಿ ಪುನಃ ಬಲಿ ಕೊಡುವುದು ಎಂತ ಅಂತ. 1562ರಲ್ಲಿ ಟ್ರೆಂಟ್ ಮಹಾಸಭೆ ಉತ್ತರ ಕೊಟ್ಟಿತು: ಇದು ಇನ್ನೊಂದು ಬಲಿ ಅಲ್ಲ, ಶಿಲುಬೆಯ ಅದೇ ಬಲಿ, ರಕ್ತವಿಲ್ಲದ ರೀತಿಯಲ್ಲಿ ನಮ್ಮ ಎದುರು ಬರ್ತದೆ. ನನ್ನ ಅತ್ತೆಯವರು ಇದನ್ನು ಟ್ರೆಂಟ್ ಸಭೆಗಿಂತ ಚೆನ್ನಾಗಿ ಹೇಳ್ತಾರೆ: “ಬಾವಿ ತೋಡಿದ್ದು ಒಂದೇ ಸರ್ತಿ ಮಾರಾಯ, ನೀರು ಸೇದುವುದು ದಿನಾ.” ನಾನು ಪೂರ್ತಿ ಒಪ್ಪಿದೆ ಅಂತ ಅಲ್ಲ. ಆದರೆ ‘ಅವರು ಯೇಸುವನ್ನು ಪುನಃ ಪುನಃ ಕೊಲ್ಲುತ್ತಾರೆ’ ಅನ್ನುವ ನಮ್ಮ ಕಡೆಯ ಹಳೆ ಮಾತು ನ್ಯಾಯದ್ದಲ್ಲ.

ಧಾನ್ಯದ ಅರ್ಪಣೆ ಮಾತ್ರ ಎರಡೂ ಕಡೆ ಉಳಿದುಕೊಂಡಿದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಕೆಥೋಲಿಕರು ಹೊಸ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವದಿಸಿ ಮನೆಗೆ ತಂದು, ಹೊಸ ಅಕ್ಕಿಯ ‘ನೊವೆಂ’ ಉಣ್ಣುತ್ತಾರೆ. ನಮ್ಮಲ್ಲಿ ಬೆಳೆ ಹಬ್ಬಕ್ಕೆ ತೆಂಗಿನಕಾಯಿ, ಬಾಳೆಗೊನೆ, ಸೌತೆಕಾಯಿ ತಂದು ಏಲಂ ಹಾಕುತ್ತಾರೆ. ಮೊದಲ ಸಿವುಡನ್ನು ಯಾಜಕನ ಹತ್ತಿರ ತರಬೇಕು ಅಂತ ಯಾಜಕಕಾಂಡದ 23ನೇ ಅಧ್ಯಾಯ. ಅದು ಮುಗಿಯಿತು ಅಂತ ಯಾರೂ ವಾದಿಸಿದ್ದಿಲ್ಲ!

ಇನ್ನು ಅಗೆಲಿನ ಊಟ. ಹಳೆಯ ಕಾನೂನಿನ ಪ್ರಶ್ನೆ ಪುಸ್ತಕದಿಂದ ಎದ್ದು ಬಾಳೆಲೆಗೆ ಬರುವುದು ಇಲ್ಲಿ. ಅಗೆಲು ಅಂದರೆ ಕೋಳಿ ಕೊಯ್ದು, ಅಡುಗೆ ಮಾಡಿ, ಅನ್ನದ ಜೊತೆ ಎಲೆಯಲ್ಲಿ ದೈವಕ್ಕೆ ಬಡಿಸಿ, ಆಮೇಲೆ ಎಲ್ಲರೂ ಉಣ್ಣುವುದು. ಕೊಟ್ಟವರೂ ಕೂತು ಉಣ್ಣುವ ಸಮಾಧಾನಯಜ್ಞ ಅಂತ ಹೇಳಿದೆನಲ್ಲ, ಅದರ ಹತ್ತಿರದ್ದು. ಕೊರಿಂಥ ಪಟ್ಟಣದ ಕ್ರೈಸ್ತರಿಗೂ ಇದೇ ತಾಪತ್ರಯ ಇತ್ತು, ಅಲ್ಲಿಯೂ ದೇವಸ್ಥಾನದ ಮಾಂಸ ನೆರೆಹೊರೆಯ ಊಟಕ್ಕೆ, ಪೇಟೆಗೆ ಬರ್ತಿತ್ತು. ಪೌಲ ಅವರಿಗೆ ಬರೆದ ಮೊದಲ ಪತ್ರಿಕೆಯ 8 ಮತ್ತು 10ನೇ ಅಧ್ಯಾಯದಲ್ಲಿ ಎರಡು ಮಾತು ಹೇಳ್ತಾನೆ, ಎರಡೂ ಒಂದಕ್ಕೊಂದು ಸುಲಭದಲ್ಲಿ ಕೂಡುವುದಿಲ್ಲ. ವಿಗ್ರಹಕ್ಕೆ ಇಟ್ಟ ಕಾರಣಕ್ಕೆ ಮಾಂಸ ಬದಲಾಗುವುದಿಲ್ಲ, ಅಂಗಡಿಯಲ್ಲಿ ಮಾರಿದ್ದನ್ನು, ಕರೆದವರ ಮನೆಯಲ್ಲಿ ಬಡಿಸಿದ್ದನ್ನು ವಿಚಾರಿಸದೆ ತಿನ್ನಿ. ಆದರೆ ಇದು ಅರ್ಪಿಸಿದ್ದು ಅಂತ ಯಾರಾದರೂ ಬಾಯಿಬಿಟ್ಟು ಹೇಳಿದರೆ, ಅವರ ಮನಸ್ಸಾಕ್ಷಿಗೋಸ್ಕರ ಬೇಡ. ಮತ್ತೆ ಅರ್ಪಣೆಯ ಪಂಕ್ತಿಯಲ್ಲೇ ಕೂರುವುದು ಬೇರೆ ವಿಷಯ. ಬಲಿಯ ಊಟ ಉಂಡವರು ಆ ವೇದಿಗೆ ಪಾಲುದಾರರು ಅಂತ ಹೇಳಲಿಕ್ಕೆ ಅವನು ಉದಾಹರಣೆ ಕೊಡುವುದು ಯೆರೂಸಲೇಮಿನ ದೇವಾಲಯದ್ದೇ.

ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ, ಹೊಳೆಯಾಚೆ ಮೂಲ್ಕಿಯಲ್ಲಿ ನೆಲೆಯೂರಿದ್ದು 1840ರ ದಶಕದಲ್ಲಿ. ಇಲ್ಲಿ ಸಭೆಗೆ ಸೇರಿದವರಲ್ಲಿ ಬಹಳಷ್ಟು ಜನ ಬಿಲ್ಲವರು, ಅಂದರೆ ದೈವದ ಮನೆಗಳಿಂದ ಬಂದವರು. ಮಿಷನರಿಗಳು ಅವರಿಗೆ ಪೌಲನ ಎರಡನೇ ಮಾತನ್ನು ಗಟ್ಟಿಯಾಗಿ ಕಲಿಸಿದರು, ಮೊದಲನೆಯದನ್ನು ಮೆಲ್ಲಗೆ. ಅದಕ್ಕೆ ಕಾರಣವೂ ಇತ್ತು: ಕುಟುಂಬದ ಅಗೆಲಿಗೆ ಕೂತರೆ ಪುನಃ ಆ ಮನೆಯ ಕಟ್ಟುಪಾಡಿಗೆ ಸೇರಿದ ಹಾಗೆ. ಆದರೆ ನಷ್ಟವೂ ಆಯಿತು. ಅಣ್ಣ ತಮ್ಮಂದಿರು ಒಂದೇ ಪಂಕ್ತಿಯಲ್ಲಿ ಉಣ್ಣುವುದು ನಿಂತಿತು. ಭೂತಾರಾಧನೆಗೆ ಇಂಗ್ಲಿಷಿನಲ್ಲಿ ಸೈತಾನನ ಪೂಜೆ ಅಂತ ಹೆಸರು ಬಿತ್ತು. 1894ರಿಂದ ‘ಇಂಡಿಯನ್ ಆ್ಯಂಟಿಕ್ವರಿ’ಯಲ್ಲಿ ಬಂದ ಬರ್ನೆಲ್ ಸಂಗ್ರಹದ ಶೀರ್ಷಿಕೆಯಲ್ಲೇ ಅದು ಕೂತಿದೆ. ವಿಚಿತ್ರ ಅಂದರೆ ಮಿಷನ್ನಿನವರೇ ಆದ ಮ್ಯಾನರ್ 1886ರಲ್ಲಿ ಅದೇ ಭೂತಗಳ ಪಾಡ್ದನಗಳನ್ನು ಕೂಡಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಬೇಡ ಅಂದವರೇ ಜೋಪಾನವಾಗಿ ಇಟ್ಟರು.

ಹಾಗಾಗಿ ಕೇಳಿದವರಿಗೆ ನನ್ನ ಉತ್ತರ: ನಿಮ್ಮ ಪಕ್ಕದ ಎರಡೂ ಮನೆಯವರ ಹತ್ತಿರ ಪೌಲನ ಆಧಾರ ಉಂಟು. ತಿನ್ನುವವರು ಮೊದಲ ಮಾತು ಹಿಡಿದಿದ್ದಾರೆ, ಬೇಡ ಅನ್ನುವವರು ಎರಡನೆಯದನ್ನು. ಬೇಡ ಅಂದವರು ನಿಮ್ಮ ಕೋಳಿಯನ್ನು ಮೈಲಿಗೆ ಅಂತ ತಿಳಿದಿದ್ದಾರೆ ಅಂದುಕೊಳ್ಳಬೇಡಿ. ತಾವು ಒಂದು ಬಲಿಯ ಪಾಲುದಾರರು, ಇನ್ನೊಂದಕ್ಕೆ ಸೇರಲಾಗದು ಅನ್ನುವುದು ಅವರ ಲೆಕ್ಕ. ನಾನೇನು ಮಾಡ್ತೇನೆ ಅಂತ ಕೇಳಿದರೆ, ಮನೆಗೆ ಕಳಿಸಿದ್ದನ್ನು ತಿನ್ನುತ್ತೇನೆ, ದೈವದ ಎದುರು ಪಂಕ್ತಿಗೆ ಕೂರುವುದಿಲ್ಲ. ಹೆಂಡತಿಯದ್ದೂ ಅದೇ. ಈ ಒಂದು ವಿಷಯದಲ್ಲಿ ಮೇಜಿನವರಿಗೂ ಬಲಿಪೀಠದವರಿಗೂ ನಮ್ಮ ಮನೆಯಲ್ಲಿ ಜಗಳ ಇಲ್ಲ.

ಬಕ್ರೀದಿನ ಕುರ್ಬಾನಿಗೂ ಅಬ್ರಹಾಮನ ಕಥೆಗೂ ಇರುವ ಸಂಬಂಧ ಕೇಳಿ ಇನ್ನೊಬ್ಬರು ಬರೆದಿದ್ದಾರೆ. ಬೈಬಲಿನಲ್ಲಿ ಆ ಮಗ ಇಸಾಕ, ಮುಸ್ಲಿಂ ಪರಂಪರೆಯಲ್ಲಿ ಹೆಚ್ಚಿನವರಿಗೆ ಇಸ್ಮಾಯಿಲ್. ಅದು ಮುಂದಿನ ವಾರಕ್ಕೆ.